ಎರಡು ಜೀವಕ್ಕೆ ಒಂದು ಹೆಸರು

ಅವನು ನಂಬರು ಹೇಳುತ್ತಿದ್ದ, ದರ್ಜೆ ಹೇಳುತ್ತಿದ್ದ, ಹೆಸರು ಮಾತ್ರ ಹೇಳುತ್ತಿರಲಿಲ್ಲ.

"ನಂಬರು?" ಎಂದರೆ ಒಂದಂಕಿಯೂ ತಪ್ಪದೆ ಪಟಪಟನೆ ಬರುತ್ತಿತ್ತು. "ದರ್ಜೆ?" "ಸಿಪಾಯಿ." "ಹೆಸರು?" ಎಂದ ಕೂಡಲೇ ಕಿಟಕಿಯ ಕಡೆ ತಿರುಗಿಬಿಡುತ್ತಿದ್ದ. ಕೋಪವಿಲ್ಲ, ಅಂಜಿಕೆಯಿಲ್ಲ. ಪಕ್ಕದ ಮನೆಯವರನ್ನು ಯಾರೋ ಕೂಗುತ್ತಿದ್ದಾರೆ, ತನಗೇನು ಎನ್ನುವ ಹಾಗೆ ಕೂತಿರುತ್ತಿದ್ದ. ಅವನ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ. ನನ್ನ ಕಸುಬಿನ ಶಿಸ್ತು ಅದು.

ಎಪ್ಪತ್ತೊಂದರ ಯುದ್ಧ ಮುಗಿದು ವರ್ಷದ ಮೇಲಾಗಿತ್ತು. ನಾನು ಒಂದು ಮಿಲಿಟರಿ ಆಸ್ಪತ್ರೆಯ ಮಾನಸಿಕ ವಾರ್ಡಿನಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದೆ. ಸಮವಸ್ತ್ರವಿಲ್ಲದ ಹುದ್ದೆ, ಅದರ ಮೇಲೆ ಸೀರೆ ಉಟ್ಟವಳು. ಔಷಧಿ ಬರೆಯುವ ಅಧಿಕಾರವಿಲ್ಲ, ಆರ್ಡರ್ ಕೊಡುವ ಅಧಿಕಾರವಂತೂ ಇಲ್ಲವೇ ಇಲ್ಲ. ಮಾತಾಡಿಸು, ಪರೀಕ್ಷೆ ಮಾಡು, ವರದಿ ಬರೆ, ಅಷ್ಟೇ. ವಾರ್ಡಿನ ಸುಬೇದಾರರು ನನ್ನನ್ನು ಯಾವ ಖಾನೆಯಲ್ಲಿ ಹಾಕಬೇಕೆಂದು ತಿಳಿಯದೆ ಒಮ್ಮೆ ಸೆಲ್ಯೂಟ್ ಹೊಡೆಯುತ್ತಿದ್ದರು, ಒಮ್ಮೆ ನಮಸ್ಕಾರ ಮಾಡುತ್ತಿದ್ದರು.

ಕೇಸಿನ ಕಾಗದಗಳಲ್ಲಿ ಇದ್ದದ್ದು ಇಷ್ಟು. ಪಶ್ಚಿಮದ ಗಡಿಯಲ್ಲಿ ಸೆರೆಸಿಕ್ಕ ಸಿಪಾಯಿ. ಒಂದು ವರ್ಷ ಶತ್ರುವಿನ ಶಿಬಿರದಲ್ಲಿದ್ದು, ಕೈದಿಗಳನ್ನು ಅದಲುಬದಲು ಮಾಡಿಕೊಂಡಾಗ ಬಿಡುಗಡೆಯಾಗಿ ಬಂದ. ಎರಡು ತಿಂಗಳ ರಜೆ ಸಿಕ್ಕಿತು. ಒಂಬತ್ತನೇ ದಿನಕ್ಕೇ ರಜೆ ಮುರಿದುಕೊಂಡು ಪಲ್ಟನ್ನಿಗೆ ವಾಪಸು ಬಂದುಬಿಟ್ಟ. ಮರುದಿನದಿಂದ ಹಾಜರಿ ಕೂಗಿದರೆ ಉತ್ತರವಿಲ್ಲ. ಬೈದರು. ಬೆನ್ನಿಗೆ ಮೂಟೆ ಹೊರಿಸಿ ಮೈದಾನ ಓಡಿಸಿದರು. ಹೇಳಿದಷ್ಟು ಸುತ್ತು ಚಾಚೂ ತಪ್ಪದೆ ಓಡಿದ, ಮರುದಿನ ಮತ್ತೆ ಸುಮ್ಮನೆ ನಿಂತ. ಕಡೆಗೆ ನಮ್ಮಲ್ಲಿಗೆ ಕಳಿಸಿದರು.

ಪಲ್ಟನ್ನಿನ ಅಧಿಕಾರಿಗಳು ತಮ್ಮ ಅಭಿಪ್ರಾಯದ ಫಾರಮಿನಲ್ಲಿ "ಸೋಗು" ಎಂದು ಬರೆದಿದ್ದರು. ವಾರ್ಡಿನ ಮುಖ್ಯಸ್ಥರಾದ ಮೇಜರ್ ಡಾಕ್ಟರರು "ಕಾಯಿಲೆ" ಎನ್ನುತ್ತಿದ್ದರು. ಇನ್ನು ಹನ್ನೆರಡು ದಿನಕ್ಕೆ ಮೆಡಿಕಲ್ ಬೋರ್ಡು ಕೂರುವುದಿತ್ತು. ಸೋಗು ಎಂದಾದರೆ ವಿಚಾರಣೆ, ಜೈಲು, ನೌಕರಿಯಿಂದ ವಜಾ. ಕಾಯಿಲೆ ಎಂದಾದರೆ ತಲೆಗೆ ಕರೆಂಟಿನ ಚಿಕಿತ್ಸೆ, ಆಮೇಲೆ ಡಿಸ್ಚಾರ್ಜ್ ಕಾಗದದ ಮೇಲೆ "ಮಾನಸಿಕ" ಎಂಬ ಶಬ್ದ ಬರೆದು ಊರಿಗೆ ರವಾನೆ. ಎರಡರಲ್ಲಿ ಯಾವುದಾದರೂ ಆ ಹುಡುಗನ ಬದುಕು ಮೂರಾಬಟ್ಟೆ.

ಪರೀಕ್ಷೆಗಳನ್ನು ಕ್ರಮವಾಗಿ ಮಾಡಿದೆ. ಬಣ್ಣದ ಕಟ್ಟಿಗೆಯ ತುಂಡು ಜೋಡಿಸಿ ನಮೂನೆ ಮಾಡುವ ಪರೀಕ್ಷೆಯನ್ನು ಗಡಿಯಾರ ಹಿಡಿದು ಕೊಟ್ಟೆ, ನಾನೇ ನಾಚುವಷ್ಟು ಬೇಗ ಮುಗಿಸಿದ. ವಾರ, ತಿಥಿ, ಜಾಗ, ಯಾರು ಯಾರು ಏನೇನು ಎಂಬುದೆಲ್ಲ ಸ್ಪಷ್ಟವಾಗಿ ಗೊತ್ತಿತ್ತು. ಶಾಯಿಯ ಕಲೆ ತೋರಿಸಿ ಏನು ಕಾಣುತ್ತದೆಂದು ಕೇಳಿದರೆ ಕುರಿ ಕಂಡ, ನಾಯಿ ಕಂಡ, ಕಂಬಳಿ ಹೊದ್ದವರನ್ನು ಕಂಡ, ಹೆದರುವಂಥದ್ದು ಒಂದೂ ಇಲ್ಲ. ಚಿತ್ರ ನೋಡಿ ಕಥೆ ಹೇಳುವ ಪರೀಕ್ಷೆಯಲ್ಲಿ ಮಾತ್ರ ಒಂದು ವಿಚಿತ್ರವಿತ್ತು. ಯಾವ ಚಿತ್ರ ತೋರಿಸಿದರೂ ಕಥೆ ಒಂದೇ ಕಡೆ ಹೋಗಿ ನಿಲ್ಲುತ್ತಿತ್ತು. ಒಬ್ಬ ಮನುಷ್ಯ ಮನೆಯಿಂದ ಹೊರಗೆ ಹೋಗುತ್ತಾನೆ, ಒಳಗೆ ಕೂಸು ಚೆನ್ನಾಗಿ ಮಲಗಿದೆ. ಚಿತ್ರದಲ್ಲಿ ಕೂಸೇ ಇಲ್ಲದಿದ್ದರೂ ಕಥೆಯಲ್ಲಿ ಕೂಸು. ನಾನು ಜಾಣೆ, "ಅದೇ ವಿಷಯ ಮರುಕಳಿಸುತ್ತಿದೆ" ಎಂದು ಅಂಚಿನಲ್ಲಿ ಬರೆದು ಮುಂದಿನ ಹಾಳೆಗೆ ಹೋದೆ. ನನ್ನ ಬುದ್ಧಿಗೆ ಏನು ಹೇಳಲಿ!

ಅಲ್ಲಿಯವರೆಗೆ ಎಲ್ಲರೂ ಅವನನ್ನು ಹಿಂದಿಯಲ್ಲೇ ಕೇಳಿದ್ದರು. ನಾಲ್ಕನೇ ದಿನ ಕಾಗದದಲ್ಲಿ ಊರು ನೋಡಿದೆ, ತಿಕೋಟಾ. ನನ್ನ ತವರು ವಿಜಾಪುರ. ಆಗ ನಾವೆಲ್ಲ ವಿಜಾಪುರವೆಂದೇ ಅನ್ನುತ್ತಿದ್ದದ್ದು. ಪೆನ್ನು ಕೆಳಗಿಟ್ಟು ನಮ್ಮ ಮಾತಿನಲ್ಲೇ ಕೇಳಿದೆ.

"ತಿಕೋಟಾದಾಗ ನಿಮ್ಮ ಮನಿ ಎಲ್ಲಿ ಬರತೈತಿ?"

ಅವನು ಬೆಚ್ಚಿದ. ಮುಖ ಅರಳಿತು. "ನಮ್ಮ ಕಡ್ಯಾವ್ರೇನ್ರಿ ಅಕ್ಕಾರ? ಊರ ಆಚಿ ಕಡೀ ಬಾಜೂಕ್ರಿ. ಕುರಿ ಮಂದಿ ನಾವು."

"ಮತ್ತ ನಿಮ್ಮ ಹೆಸರ ಕೂಗಿದ್ರ ಯಾಕ ಓ ಅನ್ನಂಗಿಲ್ಲ?"

ತನ್ನ ಅಂಗೈಗಳನ್ನು ನೋಡಿಕೊಂಡ. "ಅಂವ ಇಲ್ರಿ," ಎಂದ. "ಅಂವ ಹೋದ. ಹೋದಾವ್ನ ಸುದ್ದಿ ಬ್ಯಾಡ್ರಿ."

ಇದನ್ನು ಮೇಜರ್ ಸಾಹೇಬರಿಗೆ ಹೇಳಿದಾಗ ಅವರ ಹುಬ್ಬು ಮೇಲೇರಿತು. ತಾನು ಸತ್ತಿದ್ದೇನೆ ಎಂದು ನಂಬುವ ಭ್ರಮೆ ಪುಸ್ತಕದಲ್ಲಿರುವಂಥದ್ದೇ, ಸೋಮವಾರದಿಂದ ಕರೆಂಟು ಶುರು ಮಾಡೋಣ ಎಂದರು. ಒಳ್ಳೆಯ ಮನುಷ್ಯ, ಆದರೆ ಪುಸ್ತಕದಲ್ಲಿದ್ದದ್ದು ಎದುರಿಗೆ ಸಿಕ್ಕರೆ ಹಿಗ್ಗಿಬಿಡುತ್ತಿದ್ದರು. ನಾನು ಹಟ ಹಿಡಿದೆ. ಭ್ರಮೆಯಿದ್ದವನು ಹೀಗೆ ಉಣ್ಣುವುದಿಲ್ಲ, ಹೀಗೆ ಮಲಗುವುದಿಲ್ಲ, ಕಟ್ಟಿಗೆಯ ತುಂಡುಗಳನ್ನು ಹೀಗೆ ಜೋಡಿಸುವುದಿಲ್ಲ. ಮನೆಯ ಇತಿಹಾಸ ತೆಗೆಯದೆ ನಾನು ವರದಿಗೆ ಸಹಿ ಹಾಕುವುದಿಲ್ಲ ಎಂದೆ. ಸಹಿ ಬೇಕೇ ಬೇಕಿತ್ತು. ಅವರು ಎಂಟು ದಿನ ಕೊಟ್ಟರು. ರೋಗಿಯನ್ನೂ ಕರೆದುಕೊಂಡು ಹೋಗಿ, ಜೊತೆಗೆ ಒಬ್ಬ ನರ್ಸಿಂಗ್ ಆರ್ಡರ್ಲಿ ಇರಲಿ, ಆದರೆ ಇತಿಹಾಸ ಪೂರ್ತಿಯಾಗಿ ನಾನು ಅಪ್ಪಣೆ ಕೊಡುವ ತನಕ ಮನೆಯವರೆದುರು ಅವನನ್ನು ನಿಲ್ಲಿಸಬೇಡಿ ಎಂದು ಕಟ್ಟಪ್ಪಣೆ ಮಾಡಿದರು.

ಅವನಿಗೂ ಮನೆಗೆ ಹೋಗುವ ಮನಸ್ಸಿರಲಿಲ್ಲ. "ವಿಜಾಪುರ ತನಾ ಬರತೀನ್ರಿ. ತಿಕೋಟಾಕ ಬರಂಗಿಲ್ಲ," ಎಂದ. ವಿಜಾಪುರದಲ್ಲಿ ರಜೆಯ ಮೇಲೆ ಬಂದುಹೋಗುವ ಸೈನಿಕರಿಗೆಂದು ಎರಡು ಕೋಣೆಯ ಒಂದು ತಂಗುಮನೆ ಇತ್ತು. ಅಲ್ಲಿ ಅವನನ್ನೂ ಆರ್ಡರ್ಲಿಯನ್ನೂ ಇಳಿಸಿ, ನಾನು ಅಥಣಿ ರಸ್ತೆಯಲ್ಲಿದ್ದ ನನ್ನ ಅಕ್ಕನ ಮನೆಯಲ್ಲಿ ಉಳಿದೆ. ತಿಕೋಟಾದ ಬಸ್ಸು ಆ ದಾರಿಯಲ್ಲೇ ಹೋಗುವುದು. ಅಕ್ಕ ಬಾಗಿಲಲ್ಲೇ, "ಬಂದ್ಲು ನೋಡ್ರಿ ಹುಚ್ಚರ ಪಂತೋಜಿ," ಎಂದು ಸ್ವಾಗತಿಸಿ, ಎರಡು ರೊಟ್ಟಿ ಹೆಚ್ಚು ತಿನ್ನಿಸಿ ಕಳಿಸಿದಳು.

ತಿಕೋಟಾದ ಆ ಮನೆಯಲ್ಲಿ ಮೂವರು ಹೆಂಗಸರಿದ್ದರು. ಅವನ ತಾಯಿ, ಅಣ್ಣನ ಹೆಂಡತಿ, ಅವನ ಹೆಂಡತಿ. ಅಣ್ಣ ಕುರಿ ಹೊಡೆದುಕೊಂಡು ಹೊಳೆಯ ದಂಡೆಯ ಕಡೆ ಹೋದವನು ತಿಂಗಳಾದರೂ ಬಂದಿರಲಿಲ್ಲ. ತಾಯಿ ಕಟ್ಟೆಯ ಮೇಲೆ ಕೂತು ಉಣ್ಣೆ ನೂಲುತ್ತಿದ್ದರು. ಮಗ ಆಸ್ಪತ್ರೆಯಲ್ಲಿದ್ದಾನೆಂದು ಪಲ್ಟನ್ನಿನಿಂದ ಕಾಗದ ಬಂದಿತ್ತು, ಏನಾಗಿದೆಯೆಂದು ಯಾರೂ ತಿಳಿಸಿರಲಿಲ್ಲ. "ನಡುವಿಗೆ ಏನರ ಪೆಟ್ಟ ಬಿದ್ದೈತೇನ್ರಿ?" ಎಂದು ಮೂರು ಸಲ ಕೇಳಿದರು. ಪೆಟ್ಟಿಲ್ಲ, ಮನಸ್ಸಿಗೆ ಸ್ವಲ್ಪ ತ್ರಾಸವಾಗಿದೆ ಎಂದೆ. ನೂಲು ಕಡಿಯಿತು. ಮತ್ತೆ ಜೋಡಿಸಿಕೊಂಡರು.

ನನ್ನ ಬಳಿ ಉದ್ದನೆಯ ಫಾರಮಿತ್ತು. ಮನೆಯಲ್ಲಿ ಎಷ್ಟು ಜನ, ಯಾರಿಗೆ ಮೂರ್ಛೆ, ಯಾರಿಗೆ ಬುದ್ಧಿಭ್ರಮಣೆ, ಯಾರು ಯಾವಾಗ ತೀರಿಕೊಂಡರು. ಒಂದೊಂದೇ ಕೇಳುತ್ತ ಹೋದೆ. ಉತ್ತರ ಬರುತ್ತಿತ್ತು, ಆದರೆ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೊಡುತ್ತಿದ್ದರು. ಏನನ್ನೋ ಮುಚ್ಚಿಡುತ್ತಿದ್ದಾರೆಂದು ತಿಳಿಯಲು ಯಾವ ಪದವಿಯೂ ಬೇಕಿರಲಿಲ್ಲ. ಅಣ್ಣನ ಹೆಂಡತಿ ಚಹಾಕ್ಕೆಂದು ಒಳಗೆ ಹೋದಳು. ಅವಳ ಆರು ತಿಂಗಳ ಗಂಡುಕೂಸು ಸಿಪಾಯಿಯ ಹೆಂಡತಿಯ ತೊಡೆಯ ಮೇಲಿತ್ತು. ಇಪ್ಪತ್ತೆರಡು ವರ್ಷವಿರಬಹುದು ಅವಳಿಗೆ, ಕೂಸಿನ ಜೊತೆ ಎಡೆಬಿಡದೆ ಮಾತಾಡುತ್ತಿದ್ದಳು. ಸದಸ್ಯರ ಪಟ್ಟಿ ಮುಗಿಸಬೇಕಿತ್ತಲ್ಲ, "ಕೂಸಿನ ಹೆಸರೇನವ್ವಾ?" ಎಂದು ಅವಳನ್ನೇ ಕೇಳಿದೆ.

ಅವಳು ತಲೆ ತಗ್ಗಿಸಿದಳು. ಕಿವಿಯವರೆಗೆ ಕೆಂಪಾಯಿತು. "ನಾ ಹೇಳಬಾರದ್ರಿ," ಎಂದಳು.

ನಮ್ಮ ಕಡೆ ಹೆಂಗಸೊಬ್ಬಳು ಬಾಯಿಬಿಟ್ಟು ಹೇಳಬಾರದ ಹೆಸರು ಒಂದೇ ಒಂದು. ನನ್ನ ಪೆನ್ನು ನಿಂತುಹೋಯಿತು.

ತಾಯಿ ನೂಲುವುದನ್ನು ಬಿಟ್ಟರು. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಅವರಿಗೂ ತಿಳಿಯಿತು.

"ಮದಲ ತಾರ ಬಂತ್ರಿ, ಪತ್ತೆ ಇಲ್ಲ ಅಂತ. ಆಮ್ಯಾಲ ಕಾಗದಾ ಬಂತು, ಸತ್ತಿರಬೇಕು ಅಂತ. ಹಿರ್ಯಾರು ಎಷ್ಟ ದಿನಾ ಕಾಯ್ತಾರ್ರಿ? ದಿವಸಾ ಮಾಡಿದ್ರು. ಹೆಣ ಇರಲಿಲ್ಲ, ಅವನ ಅಂಗೀನ ಮಣ್ಣಾಗ ಇಟ್ಟ ಬಂದ್ರು. ಮೂರ ತಿಂಗಳಿಗೆ ಹಿರೇ ಸೊಸಿಗೆ ಗಂಡ ಕೂಸ ಆತು. ನನ್ನ ಮಗಾನ ಹೊಳ್ಳಿ ಬಂದಾನ ಅಂದ್ಕೊಂಡು ಅವನ ಹೆಸರ ಇಟ್ವಿ. ತೀರಿಕೊಂಡಾವ್ರ ಹೆಸರ ಇಡೂದು ನಮ್ಮಲ್ಲಿ ಪದ್ಧತಿರಿ. ಆಮ್ಯಾಲ..." ಸೆರಗಿನಿಂದ ಬಾಯಿ ಒತ್ತಿಕೊಂಡರು. "ಆಮ್ಯಾಲ ಖರೇನ ಬಂದ."

ಬದುಕಿರುವವನಿಗೆ ನಿನ್ನ ದಿವಸ ಮಾಡಿದ್ದೇವೆಂದು ಹೇಳುವುದು ಹೇಗೆ? ಓಣಿಯವರಿಗೆಲ್ಲ ಆಣೆ ಹಾಕಿ ಬಾಯಿ ಮುಚ್ಚಿಸಿದ್ದರು. ಅವನೆದುರು ಮಗುವನ್ನು ಬರೀ ಕೂಸು ಎಂದರು. ನಾಲ್ಕು ದಿನ ನಡೆಯಿತು. ಆಮೇಲೆ ಕೂಸಿಗೆ ಜ್ವರ ಬಂತು, ಇಳಿಯದ ಜ್ವರ. ತಾಯಿ ಹಿತ್ತಲಲ್ಲಿ ನೆರೆಮನೆಯವಳ ಮುಂದೆ ಅತ್ತುಬಿಟ್ಟರು. ದಿವಸ ಮಾಡಿದವನ ಹೆಸರು ಕೂಸಿಗಿಟ್ಟಾಯಿತು, ಈಗ ಅವನೇ ಬಂದಿದ್ದಾನೆ, ಒಂದೇ ಮನೆಯಲ್ಲಿ ಒಂದೇ ಹೆಸರಿನ ಎರಡು ಜೀವ ಇರಬಾರದು, ಸಾವು ಆ ಹೆಸರು ಕೇಳಿಕೊಂಡು ಒಮ್ಮೆ ಬಂದು ಬರಿಗೈಯಲ್ಲಿ ಹೋಗಿದೆ, ಈಗ ಇಬ್ಬರಲ್ಲಿ ಒಬ್ಬರನ್ನು ಒಯ್ಯುತ್ತದೆ ಎಂದು. ಒಲೆಗೆ ಕಟ್ಟಿಗೆ ತರಲು ಬಂದಿದ್ದ ಮಗ ಗೋಡೆಯ ಆಚೆ ನಿಂತಿದ್ದನೋ ಏನೋ, ಅವರಿಗೆ ಗೊತ್ತಿಲ್ಲ. ಮರುದಿನ ಮುಂಜಾನೆ ಪೆಟ್ಟಿಗೆ ಕಟ್ಟಿಕೊಂಡು ಹೊರಟುಹೋದ.

"ಅಂವ ಹ್ವಾದ ದಿನಾನ ಜ್ವರಾ ಇಳೀತ್ರಿ," ಎಂದರು ತಾಯಿ. ಹಾಗೆ ಹೇಳಿದ್ದಕ್ಕೆ ತಾವೇ ನಾಚಿ ಮುಖ ತಿರುಗಿಸಿದರು.

ನಾನು ತಂಗುಮನೆಗೆ ವಾಪಸು ಬಂದಾಗ ಅವನು ಜಗಲಿಯ ಮೇಲೆ ಕೂತಿದ್ದ. ತಾಯಿ ಹೇಗಿದ್ದಾಳೆ ಎಂದು ಕೇಳಲಿಲ್ಲ, ಹೆಂಡತಿಯ ಸುದ್ದಿ ಎತ್ತಲಿಲ್ಲ. ಎದ್ದು ನಿಂತವನೇ ಕೇಳಿದ್ದು, "ಕೂಸ ಹೆಂಗೈತ್ರಿ?"

ಚಿತ್ರದ ಕಥೆಗಳೆಲ್ಲ ಒಟ್ಟಿಗೆ ನೆನಪಾದವು. "ಚಲೋ ಐತಿ. ಮಗ್ಗಲ ಹೊಳ್ಳತೈತಿ, ಕೂಡಾಕ ನೋಡತೈತಿ," ಎಂದೆ. ಆಮೇಲೆ ಮೆಲ್ಲಗೆ ಕೇಳಿದೆ. "ನೀವು ಹೆಸರ ಬಿಟ್ಟಿದ್ದು ಆ ಕೂಸಿನ ಸಲುವಾಗಿ, ಹೌದಲ್ಲೋ?"

ಅವನು ಸುತ್ತಮುತ್ತ ನೋಡಿದ. ನಂತರ ಗಂಟು ಬಿಚ್ಚಿದಂತೆ ಸಲೀಸಾಗಿ ಹೇಳಿದ. "ನನಗೇನ್ರಿ ಅಕ್ಕಾರ, ನಂಬರ ಐತಿ. ನಂಬರ ಮ್ಯಾಲ ಪಗಾರ ಬರತೈತಿ, ನಂಬರ ಮ್ಯಾಲ ಊಟಾ ಸಿಗತೈತಿ. ಕೂಸಿಗೇನೈತಿ? ಬಾಯಾಗ ಇನ್ನೂ ಒಂದ ಹಲ್ಲ ಬಂದಿಲ್ಲ. ನಾ ಆ ಹೆಸರಿಗೆ ಓ ಅಂದ ದಿನಾ ಅದಕ್ಕ ಏನರ ಆತಂದ್ರ? ನಾ ಓ ಅನ್ನಂಗಿಲ್ರಿ. ಜೈಲಿಗೆ ಹಾಕಲಿ."

ಇಡೀ ವಾರ್ಡು ಹುಚ್ಚನೆಂದದ್ದು, ಪಲ್ಟನ್ನು ಸೋಗುಗಾರನೆಂದದ್ದು ಈ ಹುಡುಗನನ್ನು! ಅವನು ಗಾಬರಿಯಿಂದ ಕೈಮುಗಿದ. "ನಮ್ಮ ಅತ್ತಿಗಿಗೆ ಹೇಳಬ್ಯಾಡ್ರಿ. ಆಕಿ ಮನಸಿಗೆ ಹಚ್ಕೊಂತಾಳ. ಮಾತ ಕೊಡ್ರಿ." ಕೊಟ್ಟೆ. ನನ್ನ ಕಸುಬಿನಲ್ಲಿ ರೋಗಿಗೆ ಕೊಟ್ಟ ಮಾತು ದೊಡ್ಡದು.

ಕೊಟ್ಟ ಮಾತೂ ಉಳಿಯಬೇಕು, ಹುಡುಗನೂ ಉಳಿಯಬೇಕು. ರೋಗ ಗೊತ್ತಾಯಿತು, ಔಷಧಿಯೂ ಎದುರಿಗೇ ಇದೆ ಎಂದುಕೊಂಡೆ. ಕೂಸಿಗೆ ಬೇರೆ ಹೆಸರಿಟ್ಟರೆ ಮುಗಿಯಿತಲ್ಲ! ಮರುದಿನ ತಿಕೋಟಾಕ್ಕೆ ಹೋಗಿ, ಮೂವರನ್ನೂ ಕೂರಿಸಿಕೊಂಡು, ಹಸಿಹಸಿ ಸುಳ್ಳು ಹೇಳಿದೆ. ಮಿಲಿಟರಿ ಕಾಯಿದೆಯ ಪ್ರಕಾರ ಸಿಪಾಯಿಯ ಹೆಸರು ಅವನಿಗೊಬ್ಬನಿಗೇ ಇರಬೇಕು, ಕೂಸಿನ ಹೆಸರು ತೆಗೆದುಬಿಡಿ ಎಂದೆ. ಹೇಳುವ ಠೀವಿ ಬೇರೆ.

ಅಣ್ಣನ ಹೆಂಡತಿಯ ಮುಖ ಬಿಳಿಚಿತು. ಕೂಸನ್ನು ಎತ್ತಿ ಎದೆಗೆ ಅವುಚಿಕೊಂಡು ಒಳಗೆ ಹೋದವಳು ಹೊರಗೆ ಬರಲೇ ಇಲ್ಲ. ತಾಯಿ ನನ್ನನ್ನು ದಿಟ್ಟಿಸಿ ನೋಡಿದರು.

"ತೊಟ್ಟಲದಾಗ ಇಟ್ಟ ಹೆಸರ ಕಸಗೊಂಡ್ರ ಆ ಕೂಸಿಗೆ ಮತ್ತ ಜ್ವರಾ ಬಂದ್ರ ನೀವ ಬಂದ ಕೂಡತೀರೇನ್ರಿ? ನಿಮ್ಮ ಕಾಯಿದೆ ಪುಸ್ತಕದಾಗ ಕೂಸಿನ ಜ್ವರಾ ಬರದಾರೇನು?"

ಆ ಜ್ವರ ಮೂರು ದಿನದ ಜ್ವರವಿರಬಹುದು, ಅದರಷ್ಟಕ್ಕೇ ಇಳಿಯುವ ದಿನ ಇವನು ಊರು ಬಿಟ್ಟಿರಬಹುದು. ಹಾಗೆಂದು ವಾದಿಸಬಹುದಿತ್ತು. ಆದರೆ ರಾತ್ರಿಯಿಡೀ ಕೂಸಿನ ಹಣೆ ಮುಟ್ಟಿ ನೋಡುತ್ತ ಕೂತವರೆದುರು ಆ ವಾದ ಎಷ್ಟು ಪೊಳ್ಳು! ಮರುದಿನ ಹೋದರೆ ಸೊಸೆಯೂ ಇಲ್ಲ, ಕೂಸೂ ಇಲ್ಲ. ಮೊದಲ ಬಸ್ಸಿಗೆ ಬಬಲೇಶ್ವರದ ತವರಿಗೆ ಹೊರಟುಹೋಗಿದ್ದಳು. "ನೀವು ಬಂದ ಮ್ಯಾಲ ಇದ್ದ ಮನೀನೂ ಒಡೀತು ನೋಡ್ರಿ," ಎಂದರು ತಾಯಿ. ಸಿಪಾಯಿಯ ಹೆಂಡತಿ ನನಗೆ ಕುಡಿಯಲು ನೀರು ತಂದುಕೊಟ್ಟಳು.

ಅಕ್ಕನ ಮನೆಯಲ್ಲಿ ಸಿಕ್ಕಸಿಕ್ಕವರ ಮೇಲೆಲ್ಲ ರೇಗಿದೆ. ಅಕ್ಕ ಕೊನೆಗೆ, "ಸಿಟ್ಟು ಯಾರ ಮ್ಯಾಲ ಐತಿ ನಿಂದು?" ಎಂದು ಕೇಳಿದಳು. ನನ್ನ ಮೇಲೇ ಇತ್ತು. ಎಲ್ಲರೂ ಒಬ್ಬರಿಂದೊಬ್ಬರು ಮುಚ್ಚಿಟ್ಟೇ ಈ ಗಂಟು ಬಿದ್ದಿತ್ತು. ತಾಯಿ ಮಗನಿಂದ ಮುಚ್ಚಿಟ್ಟರು, ಮಗ ಅತ್ತಿಗೆಯಿಂದ ಮುಚ್ಚಿಟ್ಟ. ಬಿಡಿಸಲು ಬಂದ ನಾನೂ ಇನ್ನೊಂದು ಸುಳ್ಳು ತಂದು ಸೇರಿಸಿದ್ದೆ. ಬೋರ್ಡಿಗೆ ಇನ್ನು ಐದು ದಿನ, ವಾಪಸು ಹೋಗಲು ಒಂದು ದಿನ ಬೇಕು. ಯೋಚಿಸಿ ಯೋಚಿಸಿ ತೀರ್ಮಾನಕ್ಕೆ ಬಂದೆ. ಕೊಟ್ಟ ಮಾತು ಮುರಿಯುವುದು. ಅದು ಸರಿಯೆಂದು ಆವತ್ತೂ ನಾನು ಅಂದುಕೊಳ್ಳಲಿಲ್ಲ, ಇವತ್ತೂ ಎದೆತಟ್ಟಿ ಹೇಳಲಾರೆ.

ಸಾರವಾಡದ ಮೇಲಿಂದ ಹೋಗುವ ಬಸ್ಸು ಹಿಡಿದು ಬಬಲೇಶ್ವರಕ್ಕೆ ಹೋದೆ. ಸಂತೆಯ ದಿನ. ಮೆಣಸಿನಕಾಯಿಯ ಘಾಟಿಗೆ ಸೀನುತ್ತ, ಕೇಳುತ್ತ ಕೇಳುತ್ತ ಅವಳ ತವರುಮನೆ ಹುಡುಕಿದೆ. ನನ್ನನ್ನು ಕಂಡ ಕೂಡಲೇ ಬಾಗಿಲು ಹಾಕಿಕೊಳ್ಳಲು ಹೋದಳು.

"ಹೆಸರ ಕೇಳಾಕ ಬಂದಿಲ್ಲವ್ವಾ," ಎಂದೆ. "ನಾ ನಿಮಗ ಸುಳ್ಳ ಹೇಳಿದ್ದೆ. ಮಿಲಿಟ್ರಿ ಕಾಯಿದೆ ಪಾಯಿದೆ ಏನೂ ಇಲ್ಲ. ಖರೇ ಮಾತ ಹೇಳಿ ಹೋಗತೀನಿ, ಬಾಗಲಾ ಆಮ್ಯಾಲ ಹಾಕ್ಕೋ."

ಹೊಸ್ತಿಲ ಆಚೆ ಅವಳು, ಈಚೆ ನಾನು. ಎಲ್ಲವನ್ನೂ ಹೇಳಿದೆ. ಗೋಡೆಯ ಹಿಂದೆ ಅವನು ಕೇಳಿಸಿಕೊಂಡದ್ದು, ಹಾಜರಿಗೆ ಓ ಎನ್ನದೆ ಮೂಟೆ ಹೊತ್ತು ಓಡಿದ್ದು, ಬೋರ್ಡು, ಜೈಲು, ಕರೆಂಟು, ಬಾಯಲ್ಲಿ ಹಲ್ಲು ಬಂದಿಲ್ಲವೆಂದು ಅವನು ಅಂದದ್ದು. ಅವಳು ನಿಂತಲ್ಲೇ ಕುಸಿದು ಕೂತಳು.

"ಅಂವ ಹಂಗ ಅಂದ್ನೇನ್ರಿ? ನನ್ನ ಕೂಸಿನ ಸಲುವಾಗಿ?"

"ಹೌದವ್ವಾ. ನಿನಗ ಹೇಳಬ್ಯಾಡ ಅಂತ ಮಾತ ತಗೊಂಡಾನ."

ಅವಳು ಕೂಸಿನ ಅಂಗಾಲು ಸವರಿದಳು. "ನಾ ಈ ಮನಿಗೆ ಬಂದಾಗ ಅಂವ ಇನ್ನೂ ಸಾಲಿಗೆ ಹೋಗತಿದ್ದ. ಅವಗ ಎಣ್ಣಿ ಹಚ್ಚಿ ಎರದಾಕಿ ನಾ," ಎಂದಳು. ಕಣ್ಣು ಒರೆಸಿಕೊಂಡು ದನಿ ಗಟ್ಟಿ ಮಾಡಿಕೊಂಡಳು. "ಕಸಗೊಂಡ್ರ ಕೂಸಿಗೆ ಆಗಿ ಬರಂಗಿಲ್ರಿ. ಆದ್ರ ಕೂಸ ತಾನಾ ಕೊಟ್ರ? ಕೊಟ್ರ ಏನೂ ಆಗಂಗಿಲ್ಲ. ಕೊಟ್ಟದ್ದಕ್ಕ ಅವರ ಕಾಕಾ ತಿರುಗಿ ಒಂದ ಹೆಸರ ಕೊಡಲಿ. ಕೊಟ್ಟು ತಗೊಂಡಂಗಾತು. ನಾ ಹಡದಾಕಿ ಹೇಳಾಕತ್ತೇನಿ, ಇದಕ್ಕ ಯಾರ ಏನ ಅಂತಾರ ನೋಡೂಣು."

ನಾಲ್ಕು ವರ್ಷ ಓದಿದ ನನಗೆ ಹೊಳೆಯದ ದಾರಿ, ಬಬಲೇಶ್ವರದ ಹೊಸ್ತಿಲ ಮೇಲೆ ಕೂತ ಅವಳಿಗೆ ಹೊಳೆಯಿತು. ಅದೇ ದಿನ ನನ್ನ ಜೊತೆ ತಿಕೋಟಾಕ್ಕೆ ಹೊರಟು ಬಂದಳು, ಅತ್ತೆಗೆ ತಾನೇ ಹೇಳಿ ಒಪ್ಪಿಸಿದಳು.

ಮುಂದಿನದನ್ನು ಹೇಳುವ ಮುಂಚೆ ಬೋರ್ಡಿನ ಸುದ್ದಿ ಮುಗಿಸಿಬಿಡುತ್ತೇನೆ. ನಾನು ಎರಡು ಪುಟದ ವರದಿ ಬರೆದೆ. ಮೇಜರ್ ಸಾಹೇಬರು ಎರಡು ಸಲ ಓದಿದರು. ತಮ್ಮ ಅಪ್ಪಣೆ ಇಲ್ಲದೆ ಮನೆಯವರನ್ನು ಭೇಟಿ ಮಾಡಿಸಿದ್ದಕ್ಕೂ, ರೋಗಿಯ ಗುಟ್ಟು ಹೇಳಿದ್ದಕ್ಕೂ ಬಾಗಿಲು ಹಾಕಿಕೊಂಡು ಚೆನ್ನಾಗಿ ಬೈದರು. ಬೈದು ಮುಗಿಸಿ, ಕರೆಂಟಿನ ಆರ್ಡರನ್ನು ತಮ್ಮ ಕೈಯಿಂದಲೇ ಹೊಡೆದುಹಾಕಿದರು. ಬೋರ್ಡಿನವರು ಕೇಳಿದಾಗ ಅವನು ನಂಬರು, ದರ್ಜೆ, ಹೆಸರು ಮೂರನ್ನೂ ಹೇಳಿದ. ಆರು ತಿಂಗಳು ಹಗುರ ಕೆಲಸಕ್ಕೆ ಹಾಕಿ, ಆಮೇಲೆ ಮೊದಲಿನ ದರ್ಜೆಗೇ ತೆಗೆದುಕೊಂಡರು. ಸೋಗು ಎಂಬ ಶಬ್ದ ಕಾಗದದಿಂದ ಹೋಯಿತು.

ಆದರೆ ನಾನು ನೆನಪಿಟ್ಟುಕೊಂಡಿರುವುದು ಬೋರ್ಡನ್ನಲ್ಲ, ವಿಜಾಪುರದ ತಂಗುಮನೆಯ ಆ ಮುಂಜಾನೆಯನ್ನು.

ಮೂವರು ಹೆಂಗಸರು ಕೂಸನ್ನೆತ್ತಿಕೊಂಡು ಅಂಗಳಕ್ಕೆ ಬಂದಾಗ ಅವನು ಜಗಲಿಯಿಂದ ಎದ್ದ. ಅತ್ತಿಗೆಯ ಮುಖ ನೋಡಿದ, ನನ್ನ ಮುಖ ನೋಡಿದ. "ಹೇಳಿಬಿಟ್ರಿ ಅಕ್ಕಾರ," ಎಂದ, ಅಷ್ಟೇ. ಅದಾದ ಮೇಲೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಅದು ನನಗೆ ಸಲ್ಲಬೇಕಾದದ್ದೇ.

ಒಳಗೆ ಓಡಿಹೋಗಲು ತಿರುಗಿದವನನ್ನು ಅತ್ತಿಗೆ ತಡೆದಳು. "ಕೂಡು ಇಲ್ಲೆ. ನಾ ಹೇಳಿದ್ದ ಯಾವಾಗರ ಮೀರೀಯೇನ?" ಅವನು ಕೂತ. ಕೂಸನ್ನು ಅವನ ತೊಡೆಯ ಮೇಲಿಟ್ಟಳು. ಕೂಸಿನ ಮುಷ್ಟಿಯಲ್ಲಿ ಒಂದು ವೀಳ್ಯದೆಲೆ, ಒಂದು ಅಡಿಕೆ ಸೇರಿಸಿ, ಆ ಮುಷ್ಟಿಯನ್ನು ತನ್ನ ಕೈಯಿಂದ ಹಿಡಿದು ಅವನ ಅಂಗೈಯ ಮೇಲೆ ಬಿಡಿಸಲು ನೋಡಿದಳು. ಕೂಸು ಬಿಡಲೊಲ್ಲದು! ಎಲೆಯನ್ನು ಬಾಯಿಗೆ ಒಯ್ಯಲು ಹಟ ಮಾಡಿತು. "ಕೊಡಪ್ಪಾ, ಕಾಕಾಗ ಕೊಡು, ಜಾಣ ಅಲ್ಲಾ," ಎಂದು ಅಜ್ಜಿ, ತಾಯಿ, ಚಿಕ್ಕಮ್ಮ ಮೂವರೂ ರಮಿಸಿದರು. ಆರ್ಡರ್ಲಿಗೆ ಕನ್ನಡದ ಒಂದು ಮಾತೂ ತಿಳಿಯದಿದ್ದರೂ ಅವನೂ ಬಗ್ಗಿ ಚಿಟಿಕೆ ಹೊಡೆದ. ಕಡೆಗೆ ಕೂಸಿಗೆ ಬೇಸರ ಬಂದು ಬೆರಳು ಸಡಿಲಿಸಿತು. ಎಲೆ, ಅಡಿಕೆ ಅವನ ಅಂಗೈಗೆ ಬಿದ್ದವು.

"ನಿನ್ನ ಹೆಸರ ನಿನಗ ಕೊಡ್ತು ನೋಡು," ಎಂದಳು ಅತ್ತಿಗೆ. "ನಾವು ಕಸಗೊಂಡಿಲ್ಲ. ಅದ ಕೊಡ್ತು."

ಅವನು ಕೂಸಿನ ಹಣೆ ಮುಟ್ಟಿ ನೋಡಿದ. "ಅತ್ತಿಗಿ, ಇದಕ್ಕ ಏನರ ಆತಂದ್ರ?"

"ಏನೂ ಆಗಂಗಿಲ್ಲ. ಹಡದಾಕಿ ನಾ ಹೇಳತೀನಿ. ಈಗ ನೀ ಇದಕ್ಕ ಒಂದ ಹೆಸರ ಕೊಡು. ಬರಿಗೈಲೆ ಕಳಿಸಬ್ಯಾಡ."

ಅವನು ಕೂಸಿನ ಕಿವಿಗೆ ಬಾಯಿ ತಾಗಿಸಿ ಏನೋ ಹೇಳಿದ. ಆಮೇಲೆ ತಾಯಿಯ ಕಡೆ ತಿರುಗಿ, "ನಿಮ್ಮಪ್ಪನ ಹೆಸರ ಇಟ್ಟೇನಿ ಯವ್ವಾ. ಮುತ್ಯಾ ಭಾಳ ವರ್ಷ ಬದುಕಿ, ಕುರಿ ಕಾಯ್ದು, ಉಂಡು ಮಲಗಿದಾಂವ ಹಂಗ ಹೋದ. ಅದು ಚಲೋ ಹೆಸರು," ಎಂದ. ತಾಯಿ ಕೂಸಿಗೂ ಮಗನಿಗೂ ಒಟ್ಟಿಗೆ ದೃಷ್ಟಿ ನಿವಾಳಿಸಿದರು. ಆಮೇಲೆ ಮಗನನ್ನು ಅವನ ಹೆಸರು ಹಿಡಿದು ಕರೆದರು.

"ಓ ಯವ್ವಾ," ಎಂದ.

ಕೆಲಸ ಮುಗಿಯಿತೆಂದು ನಾನು ಏಳಲು ಹೋದೆ. ಅವನು ಎಲೆ ಅಡಿಕೆ ಹಿಡಿದ ಕೈಯನ್ನೇ ನೋಡುತ್ತ, ಯಾರಿಗೆಂದಿಲ್ಲದೆ ಕೇಳಿದ.

"ನನ್ನ ದಿವಸಾ ಮಾಡಿದಾಗ ಯಾರ್ಯಾರ ಅತ್ರು?"

ಹೆಂಗಸರು ಬೆರಗಾಗಿ ಕೂತರು. ಇಷ್ಟು ದಿನ ಊರಿಗೆ ಊರೇ ಮುಚ್ಚಿಟ್ಟ ಮಾತು ಅದು. ಕಡೆಗೆ ತಾಯಿ ಬಾಯಿ ಬಿಟ್ಟರು. "ಯಾರ ಅಳಲಿಲ್ಲ ಅಂತ ಕೇಳು. ನಾ ಅತ್ತೆ. ನಿಮ್ಮಣ್ಣ ಕುರಿ ಹಟ್ಟ್ಯಾಗ ಹೋಗಿ ಒಬ್ಬಾನ ಅತ್ತ. ಬಾಜೂ ಮನಿ ಮುದುಕ, ನಿನ್ನ ಜೋಡಿ ಬೇಲಿ ಸಲುವಾಗಿ ಜಗಳಾಡಾಂವ, ಅಂವ ಎದಿ ಬಡಕೊಂಡ ಅತ್ತ."

"ಆ ಮುದುಕ?" ಅವನಿಗೆ ನಗು ಬಂತು. "ಖರೇನ?"

"ನಿನ್ನಾಣಿ. ನಮ್ಮೆಲ್ಲಾರಕಿಂತ ದೊಡ್ಡ ದನಿ ಅವಂದ ಇತ್ತು," ಎಂದಳು ಅತ್ತಿಗೆ. ಅವಳಿಗೂ ನಗು, ಕಣ್ಣಲ್ಲಿ ನೀರು. ಸಾಲಿಯ ಮಾಸ್ತರರು ಬಂದದ್ದು, ಓಣಿಯಲ್ಲಿ ಎರಡು ದಿನ ಯಾರೂ ಒಲೆ ಹಚ್ಚದಿದ್ದದ್ದು, ಅವನ ನಾಯಿ ಬಾಗಿಲು ಬಿಟ್ಟು ಏಳದಿದ್ದದ್ದು, ಒಂದೊಂದೇ ಹೇಳಿದರು. ಹಸಿದವನು ಉಣ್ಣುವ ಹಾಗೆ ಅವನು ಕೇಳಿಸಿಕೊಂಡ. ಒಂದು ವರ್ಷ ಪರದೇಶದ ತಂತಿಬೇಲಿಯೊಳಗೆ ಕೂತು, ತನ್ನನ್ನು ಯಾರಾದರೂ ನೆನೆಸುತ್ತಿದ್ದಾರೋ ಇಲ್ಲವೋ ಎಂದು ಅವನು ಎಷ್ಟು ಸಲ ಕೇಳಿಕೊಂಡಿದ್ದನೋ.

ಎಲ್ಲ ಕೇಳಿಯಾದ ಮೇಲೆ, ಹಿರಿಯರೆದುರು ಹೆಂಡತಿಯನ್ನು ನೇರವಾಗಿ ಕೇಳಬಾರದಲ್ಲ, ತಾಯಿಯನ್ನೇ ಕೇಳಿದ. "ಈಕಿ?"

ತಾಯಿ ನೆಲ ನೋಡಿದರು. "ಈಕಿ ಅಳಲಿಲ್ಲಪಾ," ಎಂದರು. "ಒಂದ ಹನಿ ಹಾಕಲಿಲ್ಲ. ಕಲ್ಲಿನಂಥಾಕಿ ಅಂತ ಊರೆಲ್ಲಾ ಅಂತು. ನಾನೂ ಅಂದೆ."

ಆ ಹುಡುಗಿ ಜಗಲಿಯ ಕಂಬಕ್ಕೆ ಆತು ನಿಂತಿದ್ದಳು. ಗಂಡನ ಕಡೆ ನೋಡದೆ, ಕಂಬಕ್ಕೇ ಹೇಳಿದಳು.

"ನಾ ಅತ್ತಿದ್ರ ಖರೇ ಆಗತಿತ್ತು. ಅದಕ್ಕ ಅಳಲಿಲ್ಲ."

ಅಷ್ಟು ಹೇಳಿದ್ದೇ ತಡ, ಕಟ್ಟೆಯೊಡೆದ ಹಾಗೆ ಅಳು ಬಂತು. ಒಂದು ವರ್ಷ ಹಿಡಿದಿಟ್ಟ ಅಳು. ಅತ್ತಿಗೆ ಎದ್ದು ಹೋಗುವಷ್ಟರಲ್ಲಿ ಅವನು ಕೂಸನ್ನು ತಾಯಿಯ ಮಡಿಲಿಗೆ ಹಾಕಿ ಎದ್ದುಬಿಟ್ಟಿದ್ದ. ತಾಯಿಯ ಎದುರಿಗೆ, ಅತ್ತಿಗೆಯ ಎದುರಿಗೆ, ನಮ್ಮೆಲ್ಲರೆದುರಿಗೆ ಅವಳ ತಲೆಯ ಮೇಲೆ ಕೈಯಿಟ್ಟ.

"ಅಳು," ಎಂದ. "ಎಷ್ಟ ಬೇಕೋ ಅಷ್ಟ ಅಳು. ಈಗ ಏನೂ ಆಗಂಗಿಲ್ಲ. ನಾ ಇಲ್ಲೇ ಅದೀನಿ."